ಕೈಯಿಲ್ಲದ ದ್ವಾರಪಾಲಕ

ಬೇಲೂರಿನ ಒಂದು ಸಣ್ಣ ವರದರಾಜಸ್ವಾಮಿ ಗುಡಿಯ ಅರ್ಚಕರಾದ ಗೋಪಾಲಸ್ವಾಮಿಗಳು ಫುಟ್‌ಬಾಲ್ ಆಟವನ್ನು ಒಂದು ದಿನವೂ ನೋಡದೆ ಒಪ್ಪಿಕೊಂಡಿದ್ದರು. ಒಪ್ಪಿಕೊಳ್ಳುವುದಕ್ಕೆ ಅವರಿಗೆ ನೋಡಬೇಕಾದ ಅಗತ್ಯವಿರಲಿಲ್ಲ. ನಿಯಮ ತಿಳಿದರೆ ಸಾಕಿತ್ತು.

ನಿಯಮ ತಿಳಿಸಿದವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಮಗ ಸುಂದರರಾಜ ಆಗಿನ್ನೂ ಹೈಸ್ಕೂಲಿನಲ್ಲಿದ್ದ. ಒಂದು ಶನಿವಾರ ತೀರ್ಥಕ್ಕೆ ಕೈಯೊಡ್ಡಿ ನಿಂತ ಮೇಷ್ಟ್ರನ್ನು ಗೋಪಾಲಸ್ವಾಮಿಗಳು ಉದ್ಧರಣೆಯನ್ನು ಎತ್ತಿ ಹಿಡಿದುಕೊಂಡೇ ವಿಚಾರಿಸಿದರು.

"ಅಲ್ರೀ ಮೇಷ್ಟ್ರೇ, ನಮ್ಮ ಸುಂದು ಅದೇನೋ ಚೆಂಡಾಟಕ್ಕೆ ಸೇರ್ತೀನಿ ಅಂತಾನೆ. ಚೆಂಡು ಯಾತರದ್ದು?"

"ತೊಗಲಿನದು ಸ್ವಾಮಿ."

"ಮತ್ತೆ?"

"ಆದರೆ ಕೈಯಲ್ಲಿ ಮುಟ್ಟೋ ಹಾಗಿಲ್ಲ ಸ್ವಾಮಿ. ಮುಟ್ಟಿದರೆ ತಪ್ಪು. ತಕ್ಷಣ ಸೀಟಿ ಊದ್ತಾರೆ, ಚೆಂಡನ್ನ ಎದುರಾಳಿಗೆ ಕೊಟ್ಟುಬಿಡ್ತಾರೆ."

ಉದ್ಧರಣೆ ಬಾಗಿತು. ತೀರ್ಥ ಮೇಷ್ಟ್ರ ಅಂಗೈಗೆ ಬಿತ್ತು.

ಆ ರಾತ್ರಿ ಊಟದ ಹೊತ್ತಿಗೆ ಗೋಪಾಲಸ್ವಾಮಿಗಳು ತೀರ್ಪು ಹೇಳಿದರು. ತೊಗಲು ಮೈಲಿಗೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಪ್ಪಲಿಯೂ ತೊಗಲೇ. ಚಪ್ಪಲಿಯನ್ನು ಕಾಲಿಗೆ ಹಾಕುತ್ತೇವೆ, ಬಾಗಿಲಲ್ಲಿ ಬಿಡುತ್ತೇವೆ, ಕಾಲು ತೊಳೆದು ಒಳಗೆ ಬರುತ್ತೇವೆ. ಕಾಲಿನಲ್ಲಿ ಒದೆಯುವ ಚೆಂಡು ಚಪ್ಪಲಿಗಿಂತ ಹೆಚ್ಚಿನದೇನಲ್ಲ. ದೇವರನ್ನು ಮುಟ್ಟುವುದು ಕೈ. ಕೈಗೆ ಸೋಂಕು ತಾಗದ ಹಾಗೆ ಈ ಆಟವನ್ನು ಕಟ್ಟಿದವರಿಗೆ ಏನೋ ಒಂದು ತಿಳಿವಳಿಕೆ ಇತ್ತು.

"ಇಂಗ್ಲಿಷರಲ್ಲೂ ಯಾರೋ ಒಬ್ಬ ಆಚಾರವಂತ ಇದ್ದಿರಬೇಕು ಕಣೇ," ಎಂದರು ಹೆಂಡತಿ ರಮಾಮಣಿಗೆ. ವಾಲಿಬಾಲ್ ಕೈಯಾಟವಾದ್ದರಿಂದ ಅದನ್ನೂ, ಕ್ರಿಕೆಟ್ಟಿನಲ್ಲಿ ಚೆಂಡನ್ನು ತೊಡೆಗೆ ಉಜ್ಜುತ್ತಾರೆಂದು ಕೇಳಿದ್ದರಿಂದ ಅದನ್ನೂ ಅದೇ ಊಟದಲ್ಲಿ ನಿಷೇಧಿಸಿದರು.

ಮೊದಲ ವರ್ಷ ಸುಂದರರಾಜ ನಿಜವಾಗಿಯೂ ಕಾಲಿನಲ್ಲೇ ಆಡಿದ. ಒಂದು ದಿನ ಗೋಲಿನಲ್ಲಿ ನಿಲ್ಲುವ ಹುಡುಗ ರಾಗಿ ಕಣದ ಕೆಲಸವೆಂದು ಬರಲಿಲ್ಲ. ತಂಡದ ಕ್ಯಾಪ್ಟನ್ ಮಾದಿಹಳ್ಳಿಯ ಪುಟ್ಟಸ್ವಾಮಿ. ಅವರ ಮನೆಯವರಿಗೆ ತೆಂಗಿನ ತೋಟ, ಗದ್ದೆ ಎಲ್ಲ ಇತ್ತು. ಅವನಿಗೆ ಅಪ್ಪಣೆ ಕೊಡುವ ಅಭ್ಯಾಸವಿತ್ತು. "ನೀನ್ ನಿಂತ್ಕಳ್ಲಾ ಸುಂದ್ರ," ಎಂದ. ನಿಂತ. ಆ ಸಂಜೆ ಅವನಿಗೆ ತನ್ನ ಕೈಗಳ ಪರಿಚಯವಾಯಿತು.

ಅಲ್ಲಿಯವರೆಗೆ ಅವು ಅವನ ಕೈಗಳಾಗಿರಲಿಲ್ಲ. ಹೂ ಬಿಡಿಸುವುದು, ಗಂಧ ತೇಯುವುದು, ಉರಿಯುವ ಆರತಿ ತಟ್ಟೆಯನ್ನು ಅಲುಗದ ಹಾಗೆ ಹಿಡಿದು ಅಪ್ಪನಿಗೆ ದಾಟಿಸುವುದು: ಎಲ್ಲವೂ ಬೇರೆ ಯಾರಿಗೋ ಮೀಸಲಾದ ಕೆಲಸ. ಚೆಂಡು ಹಾರಿ ಬಂದು ಅಂಗೈಗಳಲ್ಲಿ ದಪ್ಪನೆ ಕೂತಾಗ ಮೊಟ್ಟಮೊದಲ ಸಲ ಅವು ತನ್ನವು ಅನ್ನಿಸಿತು. ಒರಟು ಹೊಲಿಗೆ, ಹರಳೆಣ್ಣೆ ಸವರಿದ ತೊಗಲಿನ ವಾಸನೆ, ಉರಿಯುವ ಚರ್ಮ. ಹಿಡಿದ ಚೆಂಡನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಮರುದಿನದಿಂದ ಅವನೇ ಗೋಲ್‌ಕೀಪರ್ ಆದ. ರಾಗಿ ಕಣದ ಹುಡುಗ ಮತ್ತೆ ಬಂದಾಗ ಅವನನ್ನು ಪುಟ್ಟಸ್ವಾಮಿ ಹಿಂದಕ್ಕೆ ಕಳಿಸಿದ.

ಆಡಿದ ಮೇಲೆ ಸುಂದರರಾಜ ವಿಷ್ಣುಸಮುದ್ರ ಕೆರೆಯಲ್ಲಿ ಮುಳುಗೆದ್ದು, ಪಂಚೆ ಬದಲಾಯಿಸಿ ಮನೆಗೆ ಬರುತ್ತಿದ್ದ. ಎಷ್ಟು ತೊಳೆದರೂ ಬೆರಳಿನ ಸಂದಿಯಲ್ಲಿ ತೊಗಲಿನ ವಾಸನೆ ಉಳಿಯುತ್ತಿತ್ತು. ಕೆಲವು ದಿನಗಳಾದ ಮೇಲೆ ಹಿತ್ತಿಲಿನ ಬಾವಿಕಟ್ಟೆಯ ಮೇಲೆ ಒಂದು ತೆಂಗಿನ ಚಿಪ್ಪಿನಲ್ಲಿ ಸೀಗೆಪುಡಿ ಇಟ್ಟಿರುವುದು ಅವನ ಕಣ್ಣಿಗೆ ಬಿತ್ತು. ಯಾರು ಇಟ್ಟರು, ಯಾಕೆ ಇಟ್ಟರು ಎಂದು ಅವನು ಕೇಳಲಿಲ್ಲ. ರಮಾಮಣಿಯೂ ಹೇಳಲಿಲ್ಲ. ಚಿಪ್ಪು ಮಾತ್ರ ಖಾಲಿಯಾಗುತ್ತಿರಲಿಲ್ಲ.

ಹೀಗೇ ವರ್ಷಗಳು ಕಳೆದು ಅವನಿಗೆ ಹತ್ತೊಂಬತ್ತಾಯಿತು. ಉಗಾದಿ ಕಳೆದ ಮೇಲೆ ಗುಡಿಯ ಪೂಜೆಯನ್ನು ಮಗನ ಕೈಗೆ ಒಪ್ಪಿಸುವುದಾಗಿ ಗೋಪಾಲಸ್ವಾಮಿಗಳು ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಚೀನಾದವರ ಯುದ್ಧ ಮುಗಿದ ಮರುವರ್ಷ ಅದು. ಅಂಥ ದಿನಗಳಲ್ಲಿ ಅರಸೀಕೆರೆಗೆ ಕೊಬ್ಬರಿ ಹಾಕಲು ಹೋಗಿದ್ದ ಪುಟ್ಟಸ್ವಾಮಿ ಸುದ್ದಿ ತಂದ.

"ಕೇಳ್ದೇನ್ಲಾ ಸುಂದ್ರ? ಏಷ್ಯಾ ಖಂಡದ ಹುಡುಗ್ರೆಲ್ಲಾ ಸೇರ್ಕಂಡು ಚಾಂಪಿಯನ್‌ಶಿಪ್ ಆಡ್ತಾರಂತೆ. ಇಪ್ಪತ್ತರ ಒಳಗಿನೋರು. ಸಯಾಮ್ ದೇಸದಾಗೋ ಮಲಯದಾಗೋ, ಇನ್ನೂ ನಿಕ್ಕಿ ಆಗಿಲ್ವಂತೆ."

"ಅದಕ್ಕೂ ನಮಗೂ ಏನೋ ಸಂಬಂಧ?"

"ಐತೆ ಕಣ್ಲಾ. ಬೆಂಗ್ಳೂರ್ನಾಗೆ ಕ್ಯಾಂಪು. ಅದಕ್ಕೆ ಹುಡುಗ್ರನ್ನ ಆರಿಸೋಕೆ ಏಕಾಂತಯ್ಯ ಅನ್ನೋರು ಊರೂರು ತಿರುಗ್ತಾವ್ರೆ. ಬರೋ ಭಾನುವಾರ ಅರಸೀಕೆರೇಗೆ ಬತ್ತಾರೆ. ರೈಲ್ವೆ ಹುಡುಗ್ರ ಮೇಲೆ ನಮ್ ಮ್ಯಾಚು. ನನ್ನ ಯಾರೂ ಆರಿಸಾಕಿಲ್ಲ ಬಿಡು, ನನಗೆ ಆಗ್ಲೇ ಇಪ್ಪತ್ತೆರಡು. ನಿನ್ನ ಕೈ ನೋಡುದ್ರೆ ಅವ್ರು ಬಿಡಾಕಿಲ್ಲ."

ಸುಂದರರಾಜ ತನ್ನ ಕೈಗಳನ್ನು ನೋಡಿಕೊಂಡ. ಸಯಾಮ್ ದೇಶದ ಯಾವುದೋ ಮೈದಾನದಲ್ಲಿ, ತನ್ನ ಅಪ್ಪನ ಹೆಸರು, ಬೀದಿ, ಗೋತ್ರ ಯಾವುದೂ ಗೊತ್ತಿಲ್ಲದ ಜನರ ಮುಂದೆ, ಗಾಳಿಯಲ್ಲಿ ಚಾಚಿಕೊಂಡ ಎರಡು ಕೈಗಳು. ಅದಕ್ಕಿಂತ ಬೇರೆ ಆಸೆ ಆ ಹೊತ್ತಿಗೆ ಅವನಲ್ಲಿ ಇರಲಿಲ್ಲ.

ಹೇಳದೆ ಹೋಗುವಂತಿರಲಿಲ್ಲ, ಹೊರದೇಶದ ಮಾತು. ಅಪ್ಪ ಸಮುದ್ರ ದಾಟುವುದಕ್ಕೆ ಒಪ್ಪುವುದಿಲ್ಲ, ಅಲ್ಲಿಂದಲೇ ಜಗಳ ಶುರುವಾಗಲಿ ಎಂದುಕೊಂಡು ಊಟಕ್ಕೆ ಕೂತಾಗ ಹೇಳಿದ. ಗೋಪಾಲಸ್ವಾಮಿಗಳು ಸಾರನ್ನ ಕಲಸುತ್ತ ಯೋಚಿಸಿದರು.

"ಹೇಗೆ ಹೋಗೋದು?"

"ವಿಮಾನದಲ್ಲಂತೆ."

"ಹಾಗಾದರೆ ದೋಷ ಇಲ್ಲ. ಸಮುದ್ರ ದಾಟೋದು ಅಂದರೆ ಹಡಗಿನಲ್ಲಿ. ನೀರಿನ ಸಂಪರ್ಕ ಬರತ್ತೆ. ವಿಮಾನ ಮೇಲೆ ಹೋಗತ್ತೆ, ಗರುಡ ಹೋದ ಹಾಗೆ. ಗರುಡನಿಗೆ ಯಾರಾದರೂ ಪ್ರಾಯಶ್ಚಿತ್ತ ಹೇಳಿದಾರೇನೋ?"

ಸುಂದರರಾಜ ತನ್ನ ಅನ್ನ ಕಲಸತೊಡಗಿದ.

"ಭಾನುವಾರ ನಾನೂ ಬರ್ತೀನಿ," ಎಂದರು ಗೋಪಾಲಸ್ವಾಮಿಗಳು. "ಹೊರದೇಶಕ್ಕೆ ಮಗನನ್ನ ಕರಕೊಂಡು ಹೋಗೋರ ಮುಖ ನೋಡಬೇಡವೇ? ಸಂಜೆ ಪೂಜೆಗೆ ಪಕ್ಕದ ಮನೆ ಅನಂತಸ್ವಾಮಿಗೆ ಹೇಳ್ತೀನಿ. ರಮಾ, ಒಂದಿಷ್ಟು ಪುಳಿಯೋಗರೆ ಕಲಸಿಕೊಡು, ಆ ಏಕಾಂತಯ್ಯನವರಿಗೆ."

ರಮಾಮಣಿ ಮಗನ ಮುಖ ನೋಡಿದಳು. ಮಜ್ಜಿಗೆ ಬಡಿಸಲು ಬಗ್ಗಿದವಳು ಒಂದು ಕ್ಷಣ ಹಾಗೇ ನಿಂತು, ಆಮೇಲೆ ಬಡಿಸಿದಳು.

ಭಾನುವಾರ ಬರುವಷ್ಟರಲ್ಲಿ ಸುಂದರರಾಜ ಒಂದು ತೀರ್ಮಾನಕ್ಕೆ ಬಂದಿದ್ದ. ಬಚ್ಚಿಡುವುದು ಸಾಕು. ಅಪ್ಪ ನೋಡಲಿ. ಅಪ್ಪನ ಕಣ್ಣೆದುರೇ ಚೆಂಡನ್ನು ಹಿಡಿಯುತ್ತೇನೆ, ಎದೆಗವಚಿಕೊಳ್ಳುತ್ತೇನೆ. ಅಪ್ಪ ಕೂಗಾಡುತ್ತಾರೆ. ಆಗ ಒಂದು ಮಾತು ಹೇಳುತ್ತೇನೆ: "ಹೌದಪ್ಪ, ಇವೇ ಕೈ. ಬೇಕಾದರೆ ನಿಮ್ಮ ದೇವರಿಗೆ ಬೇರೆ ಕೈ ಹುಡುಕಿಕೊಳ್ಳಿ." ಮಾತನ್ನು ಅವನು ಗಂಧ ತೇಯುವಾಗ, ಬಾವಿಯಲ್ಲಿ ನೀರು ಸೇದುವಾಗ ಮನಸ್ಸಿನಲ್ಲೇ ಆಡಿ ನೋಡಿದ. ಚೆನ್ನಾಗಿತ್ತು. ಆಮೇಲೆ ಮನೆಯಿಂದ ಹೊರಗೆ ಹಾಕಿಸಿಕೊಂಡು, ಒಂದು ಚೀಲ ಹಿಡಿದು ರೈಲು ಹತ್ತುವ ತನ್ನನ್ನೂ ಕಲ್ಪಿಸಿಕೊಂಡ. ಅದು ಇನ್ನೂ ಚೆನ್ನಾಗಿತ್ತು.

ಬಸ್ಸಿನಲ್ಲಿ ಗೋಪಾಲಸ್ವಾಮಿಗಳು ಕಿಟಕಿಯ ಪಕ್ಕ ತಮ್ಮದೇ ವಸ್ತ್ರ ಹಾಸಿಕೊಂಡು, ಪುಳಿಯೋಗರೆಯ ಗಂಟನ್ನು ತೊಡೆಯ ಮೇಲಿಟ್ಟು ಕೂತರು. ಮಾದಿಹಳ್ಳಿಯಲ್ಲಿ ಪುಟ್ಟಸ್ವಾಮಿ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿದ. ಗೋಪಾಲಸ್ವಾಮಿಗಳು ಚೆಂಡನ್ನೂ ಅವನ ಕೈಯನ್ನೂ ನೋಡಿದರು.

"ಇದೇನಯ್ಯ, ಕೈಯಲ್ಲಿ ಮುಟ್ಟಿದೀಯ?"

"ಇನ್ನೂ ಆಟ ಸುರುವಾಗಿಲ್ಲ ಐನೋರೇ," ಎಂದ ಪುಟ್ಟಸ್ವಾಮಿ.

"ಅದೂ ಸರಿಯೇ." ಅವರು ಬಸ್ಸಿನವರೆಲ್ಲರಿಗೂ ಕೇಳುವ ಹಾಗೆ ತಿರುಗಿ ಕೂತರು. "ನೋಡ್ರಪ್ಪ, ಲೋಕದಲ್ಲಿ ಎಷ್ಟೋ ಆಟ ಇವೆ. ಆದರೆ ಕೈ ಮುಟ್ಟಿದರೆ ತಪ್ಪು ಅಂತ ಇರೋದು ಇದೊಂದೇ. ಮಡಿಯ ಆಟ ಇದು."

ಹಿಂದಿನ ಸೀಟಿನಲ್ಲಿ ತಂಡದ ಹುಡುಗರು ಒಬ್ಬರ ಭುಜದಲ್ಲಿ ಒಬ್ಬರು ಮುಖ ಮುಚ್ಚಿಕೊಂಡರು. ಪುಟ್ಟಸ್ವಾಮಿ ಮಾತ್ರ ಬಹಳ ಗಂಭೀರವಾಗಿ ಕೇಳಿದ:

"ಐನೋರೇ, ಒಂದು ಅನುಮಾನ. ನಿಮ್ ದೇವ್ರ ಮುಂದೆ ಡೋಲು ಬಡೀತಾರಲ್ಲ, ಅದ್ಯಾತರ ತೊಗ್ಲು?"

"ತೊಗಲೇ ಕಣಯ್ಯ. ಅದನ್ನ ನಾವು ಬಡಿಯೋದಿಲ್ಲವಲ್ಲ. ಕೇಳ್ತೀವಿ ಅಷ್ಟೆ."

ಕಂಡಕ್ಟರ್ ಕೂಡ ನಕ್ಕ. ಸುಂದರರಾಜ ಕಿಟಕಿಯಾಚೆ ನೋಡುತ್ತಿದ್ದ. ಹಳೇಬೀಡಿನ ಕೆರೆ ಬಂತು, ಹೋಯಿತು. ಅಲ್ಲಿ ಹತ್ತಿದ ಇಬ್ಬರು ಹುಡುಗರಿಗೂ ಗೋಪಾಲಸ್ವಾಮಿಗಳು ಮಡಿಯ ಆಟದ ವಿಷಯವನ್ನು ಮೊದಲಿನಿಂದ ಹೇಳಿದರು.

ಅರಸೀಕೆರೆಯಲ್ಲಿ ಮೈದಾನ ರೈಲ್ವೆ ಮನೆಗಳ ಹಿಂದಿತ್ತು. ಒಂದು ಬದಿಯಲ್ಲಿ ಇಂಜಿನ್ನಿನ ಬೂದಿ ಸುರಿದು ನೆಲ ಕಪ್ಪಾಗಿತ್ತು. ಬೇವಿನ ಮರದ ಕೆಳಗೆ ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಏಕಾಂತಯ್ಯನವರು ಕೂತಿದ್ದರು: ಬಿಳಿ ಷರಾಯಿ, ತಲೆಗೊಂದು ಹ್ಯಾಟು, ಒಂದು ಕಾಲದಲ್ಲಿ ಆಡಿ ಮುರಿದುಕೊಂಡ ಮೂಗು. ಇನ್ನೊಂದರಲ್ಲಿ ಗೋಪಾಲಸ್ವಾಮಿಗಳನ್ನು ಕೂರಿಸಿದರು. ಅವರು ಕುರ್ಚಿಗೂ ವಸ್ತ್ರ ಹಾಸಿಕೊಂಡರು.

"ನಿಮ್ಮ ಹುಡುಗ ಯಾರು ಸ್ವಾಮಿ?"

"ಅಗೋ, ಆ ಎರಡು ಕಂಬದ ಮಧ್ಯೆ ನಿಂತಿದಾನಲ್ಲ, ಅವನೇ. ಅದು ಯಾವ ಜಾಗ?"

"ಗೋಲ್ ಅಂತೀವಿ. ಚೆಂಡು ಅದರೊಳಗೆ ಹೋಗದ ಹಾಗೆ ಕಾಯೋದು ಅವನ ಕೆಲಸ."

"ದ್ವಾರಪಾಲಕ," ಎಂದರು ಗೋಪಾಲಸ್ವಾಮಿಗಳು ತೃಪ್ತಿಯಿಂದ. ಮಗನಿಗೆ ಮರ್ಯಾದೆಯ ಜಾಗವನ್ನೇ ಕೊಟ್ಟಿದ್ದರು.

ಸೀಟಿ ಊದಿತು. ಕಂಬಗಳ ಮಧ್ಯೆ ನಿಂತ ಸುಂದರರಾಜ ಬೇವಿನ ಮರದ ಕಡೆ ನೋಡಿದ. ಅಪ್ಪನ ನಾಮ ಅಷ್ಟು ದೂರದಿಂದಲೂ ಕಾಣುತ್ತಿತ್ತು. ರೈಲ್ವೆ ತಂಡದ ಮುಂದಾಳು, ಇಂಜಿನ್ ಡ್ರೈವರೊಬ್ಬರ ಮಗ, ಕೆಂಚುಗೂದಲಿನ ಉದ್ದನೆಯ ಹುಡುಗ, ಆಟ ಶುರುವಾದ ಸ್ವಲ್ಪ ಹೊತ್ತಿಗೇ ಎದೆಯೆತ್ತರಕ್ಕೆ ಒಂದು ಚೆಂಡನ್ನು ಹೊಡೆದ. ಮಗುವೂ ಹಿಡಿಯಬಹುದಾದ ಚೆಂಡು. ಸುಂದರರಾಜ ಹಿಡಿಯಲು ಹೊರಟ. ಕೈಗಳು ಹಿಂದಕ್ಕೆ ಹೋಗಿ ಬೆನ್ನ ಮೇಲೆ ಒಂದನ್ನೊಂದು ಹಿಡಿದುಕೊಂಡವು. ಚೆಂಡು ಎದೆಗೆ ಬಡಿದು ಕೆಳಗೆ ಬಿತ್ತು. ಕಾಲಿನಿಂದ ದೂರ ಒದ್ದ.

ಬಂಡಾಯವೆಲ್ಲ ಅವನ ತಲೆಯಲ್ಲಿತ್ತು. ಕೈಗಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅವು ಹುಟ್ಟಿದಂದಿನಿಂದ ಅಪ್ಪನ ಮಾತು ಕೇಳಿಕೊಂಡೇ ಬಂದವು.

ಎರಡನೆಯ ಚೆಂಡನ್ನು ಮೊಣಕಾಲಿನಲ್ಲಿ ತಡೆದ. ಮೂರನೆಯದನ್ನು ಹಣೆಯಲ್ಲಿ. ನಾಲ್ಕನೆಯದಕ್ಕೆ ನೆಲಕ್ಕೆ ಜಾರಿ ಬಿದ್ದು, ಎರಡೂ ಕಾಲನ್ನು ಬಾಗಿಲಿಗೆ ಅಗಳಿ ಹಾಕಿದ ಹಾಗೆ ಅಡ್ಡ ಚಾಚಿದ. ನೋಡುತ್ತಿದ್ದವರು ಮೊದಲು ನಕ್ಕರು. ಆಮೇಲೆ ನಗು ನಿಂತು ಚಪ್ಪಾಳೆ ಶುರುವಾಯಿತು. ಪುಟ್ಟಸ್ವಾಮಿ ಮಾತ್ರ ಮೈದಾನದ ಮಧ್ಯದಿಂದ ಅರಚಿದ:

"ಕೈ ಏನಾಯ್ತ್ಲಾ ನಿಂದು? ಹಳೇಬೀಡಿನ ದ್ವಾರಪಾಲಕನಂಗೆ ಮುರ್ಕಂಡು ನಿಂತಿದೀಯಲ್ಲೋ!"

ಹಳೇಬೀಡಿನ ಗುಡಿಯ ಬಾಗಿಲಲ್ಲಿ ನಿಂತ ದ್ವಾರಪಾಲಕರನ್ನು ಎಲ್ಲರೂ ನೋಡಿದವರೇ. ಕೈಗಳೆಲ್ಲ ಎಂದೋ ಮುರಿದು ಹೋಗಿವೆ. ಮೈಮೇಲೆ ಒಡವೆ, ಮುಖದಲ್ಲಿ ಅದೇ ಗತ್ತು. ಯಾರನ್ನೂ ತಡೆಯಲಾರದವರು ಇನ್ನೂ ಕಾಯುತ್ತಿದ್ದಾರೆ.

ಮರದ ಕೆಳಗೆ ಏಕಾಂತಯ್ಯನವರು ಕುರ್ಚಿಯ ತುದಿಗೆ ಬಂದಿದ್ದರು.

"ಅದ್ಭುತ ಸ್ವಾಮಿ! ಇಂಥದ್ದನ್ನ ನಾನು ಓದಿದ್ದೆ, ನೋಡಿರಲಿಲ್ಲ. ಹಂಗೇರಿ ಕಡೆಯೋರು ಇಂಥ ಹೊಸ ಪದ್ಧತಿ ಏನೋ ತಂದಿದಾರಂತೆ. ಈ ಹುಡುಗನಿಗೆ ಯಾರು ಕಲಿಸಿದ್ದು?"

"ಇದು ನಮ್ಮ ಮನೆಯ ಪದ್ಧತಿ," ಎಂದರು ಗೋಪಾಲಸ್ವಾಮಿಗಳು.

ಏಕಾಂತಯ್ಯನವರು ಅವರನ್ನು ಹೊಸ ಗೌರವದಿಂದ ನೋಡಿದರು.

ಅರ್ಧ ಆಟ ಮುಗಿಯುವ ಹೊತ್ತಿಗೆ ಪುಟ್ಟಸ್ವಾಮಿ ಒಂದು ಗೋಲು ಹೊಡೆದಿದ್ದ. ಬಿಡುವಿನಲ್ಲಿ ಅವನು ಸುಂದರರಾಜನ ಅಂಗಿಯ ಕೊರಳು ಹಿಡಿದುಕೊಂಡ.

"ನಿಮ್ಮಪ್ಪನ್ನ ನೋಡ್ಬುಟ್ಟು ಕೈನ ಮಡಿ ಮಾಡ್ಕಂಡ್ಯಾ? ಅವ್ರು ಬಂದವ್ರೆ ಅಂತ ಚೆಂಡು ಸುಮ್ನಿರ್ತದಾ?"

"ಬಿಡೋ. ಇನ್ನು ಹಿಡೀತೀನಿ."

"ಹಿಡೀದೆ ಹೋದ್ರೆ ನಾನೇ ಹೋಗಿ ಐನೋರ್ಗೆ ಹೇಳ್ತೀನಿ, ನಿಮ್ ಮಗ ಐದು ವರ್ಸದಿಂದ ತೊಗ್ಲು ತಬ್ಕಂಡವ್ನೆ ಅಂತ."

ಹಿಡಿಯಲಿಲ್ಲ. ಎರಡನೇ ಅರ್ಧದಲ್ಲೂ ಅದೇ ಎದೆ, ಅದೇ ಹಣೆ, ಅದೇ ಮೊಣಕಾಲು. ಮೈಯೆಲ್ಲ ಕೆಂಪಾಗಿ ಬಾತುಕೊಂಡಿತ್ತು. ಸಯಾಮ್ ದೇಶದ ಮೈದಾನ ದೂರವಾಗುತ್ತಿತ್ತು. ಕೈ ತೋರಿಸದ ಗೋಲ್‌ಕೀಪರನ್ನು ಯಾರು ತಾನೇ ಆರಿಸುತ್ತಾರೆ? ಅವನಿಗೆ ಅಳು ಬಂತು. ಅಳು ಬಂದದ್ದಕ್ಕೆ ನಾಚಿಕೆಯಾಯಿತು.

ಆಟ ಮುಗಿಯುತ್ತ ಬಂದಾಗ ಕೆಂಚುಗೂದಲಿನವನು ದೂರದಿಂದ ಎತ್ತಿ ಹೊಡೆದ. ಚೆಂಡು ಬಲಗಂಬದ ಮೇಲ್ಮೂಲೆಗೆ ಬಾಗುತ್ತ ಬಂತು. ಹಣೆಗೆ ಎಟುಕದು, ಎದೆಗೆ ಎಟುಕದು. ಸುಂದರರಾಜ ಏನೂ ಯೋಚಿಸಲಿಲ್ಲ. ಕೈಗಳು ಈಗ ಅಪ್ಪನ ಮಾತನ್ನೂ ಕೇಳಲಿಲ್ಲ, ಅವನ ಮಾತನ್ನೂ ಕೇಳಲಿಲ್ಲ, ಎದ್ದು ಹೋದವು. ಮೈ ಅವುಗಳ ಹಿಂದೆ ಹೋಯಿತು. ನೆಲಕ್ಕೆ ಬಿದ್ದು ಕಣ್ಣು ಬಿಟ್ಟಾಗ ಚೆಂಡು ಎರಡು ಅಂಗೈಗಳ ನಡುವೆ ಎದೆಗೆ ಒತ್ತಿಕೊಂಡಿತ್ತು.

ಮೈದಾನ ಹೋ ಎಂದಿತು.

ಗೋಪಾಲಸ್ವಾಮಿಗಳು ಸೀಟಿಗಾಗಿ ಕಾದರು. ಸೀಟಿ ಬರಲಿಲ್ಲ. ರೆಫರಿ ಬಾಯಲ್ಲಿ ಸೀಟಿ ಇಟ್ಟುಕೊಂಡೇ ಸುಮ್ಮನೆ ಓಡಾಡುತ್ತಿದ್ದ. ಅವರು ಪಂಚೆಯನ್ನು ಎತ್ತಿ ಹಿಡಿದು, ಬರಿಗಾಲಲ್ಲಿ ಇಂಜಿನ್ ಬೂದಿಯನ್ನು ತುಳಿಯುತ್ತ ನೇರ ಮೈದಾನದ ಒಳಗೆ ನಡೆದರು.

"ಊದ್ರೀ ಸೀಟಿ! ಏನು ನೋಡ್ತಾ ಇದೀರಿ? ನನ್ನ ಮಗ ಚೆಂಡನ್ನ ಕೈಯಲ್ಲಿ ಮುಟ್ಟಿದಾನೆ. ಎರಡೂ ಕೈಯಲ್ಲಿ. ನಾನು ಕಣ್ಣಾರೆ ನೋಡಿದೀನಿ!"

ರೆಫರಿ ಬಾಯಿ ತೆರೆದ. ಸೀಟಿ ಕೆಳಗೆ ಬಿತ್ತು.

"ಐನೋರೇ," ಎಂದ ಪುಟ್ಟಸ್ವಾಮಿ ಓಡಿಬಂದು, "ನೀವು ಯಾರ ಕಡೆಯೋರು?"

"ನಾನು ನಿಯಮದ ಕಡೆಯೋನು ಕಣಯ್ಯ. ಮಗ ಅಂತ ಬಿಡೋಕಾಗತ್ತೇನು? ಚೆಂಡನ್ನ ಅವರಿಗೆ ಕೊಡಿ."

ಸುಂದರರಾಜ ಎದ್ದು ನಿಂತ. ಚೆಂಡು ಇನ್ನೂ ತೋಳುಗಳಲ್ಲಿತ್ತು. ಹೌದಪ್ಪ, ಇವೇ ಕೈ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಏಕಾಂತಯ್ಯನವರು ಹ್ಯಾಟು ಹಿಡಿದುಕೊಂಡು ಓಡಿ ಬಂದರು.

"ಸ್ವಾಮಿ, ಸ್ವಾಮಿ, ತಪ್ಪಿಲ್ಲ. ಗೋಲ್‌ಕೀಪರ್ ಮುಟ್ಟಬಹುದು."

"ಅದು ಹೇಗೆ? ಮುಟ್ಟಬಾರದು ಅಂತ ನಿಯಮ ಇದೆ."

"ಬೇರೆಯವರು ಮುಟ್ಟಬಾರದು. ಇವನು ಮುಟ್ಟಬಹುದು."

ಗೋಪಾಲಸ್ವಾಮಿಗಳು ನಿಂತರು. ಅವರ ದನಿ ತಗ್ಗಿತು.

"ಹನ್ನೊಂದು ಜನದಲ್ಲಿ ಒಬ್ಬನಿಗೆ?"

"ಒಬ್ಬನಿಗೇ."

"ಎಲ್ಲಿ ಬೇಕಾದರೂ ಮುಟ್ಟಬಹುದೋ?"

"ಇಲ್ಲ. ಈ ಸುಣ್ಣದ ಗೆರೆ ಇದೆಯಲ್ಲ, ಇದರ ಒಳಗೆ ಮಾತ್ರ. ಗೆರೆ ದಾಟಿದರೆ ಅವನೂ ಎಲ್ಲರ ಹಾಗೇ."

ಗೋಪಾಲಸ್ವಾಮಿಗಳು ಗೆರೆಯನ್ನು ನೋಡಿದರು. ತಮ್ಮ ಕಾಲನ್ನು ನೋಡಿಕೊಂಡರು. ಅವರು ಗೆರೆಯ ಒಳಗೆ ನಿಂತಿದ್ದರು. ಹಿಂದಕ್ಕೆ ಹೆಜ್ಜೆ ಇಟ್ಟು ಗೆರೆಯಾಚೆ ಹೋಗಿ ನಿಂತರು, ಗರ್ಭಗುಡಿಯ ಹೊಸ್ತಿಲಾಚೆ ಭಕ್ತರು ನಿಲ್ಲುವ ಹಾಗೆ.

"ಸುಂದು."

"ಏನಪ್ಪ?"

"ಇಷ್ಟು ವರ್ಷವೂ ನೀನು ಇಲ್ಲೇ ನಿಲ್ತಿದ್ದದ್ದೋ?"

"ಹೌದು."

"ಆಮೇಲೆ ಸ್ನಾನ?"

"ಕೆರೆಯಲ್ಲಿ."

"ತಲೆಗೆ?"

"ತಲೆಗೇ."

"ಸರಿ ಮತ್ತೆ. ಆಟ ನಡೀಲಿ," ಎಂದು ಅವರು ಮರದ ಕಡೆ ತಿರುಗಿದರು.

ಸುಂದರರಾಜ ಅಲ್ಲೇ ನಿಂತ. ಅಷ್ಟು ದಿನ ಸಾಣೆ ಹಿಡಿದಿಟ್ಟ ಮಾತು ಹಾಗೇ ಉಳಿದಿತ್ತು. ಹೊರಗೆ ಹಾಕಿಸಿಕೊಳ್ಳಲು ಸಿದ್ಧನಾಗಿ ಬಂದವನನ್ನು ಅಪ್ಪ, ಕೇಳದೆಯೇ, ಇನ್ನೂ ಒಳಗಿನ ಒಂದು ಕೋಣೆಗೆ ಸೇರಿಸಿದ್ದರು. ಒದೆಯಲು ಎತ್ತಿದ ಕಾಲಿಗೆ ಏನೂ ತಗುಲದೆ ಹೋದರೆ ಆಗುವಂಥ ನೋವು ಅವನಿಗಾಯಿತು. ಚೆಂಡನ್ನು ದೂರ ಒದ್ದ. ಬೇಲೂರಿನವರು ಗೆದ್ದರು.

ಸಂಜೆ ಏಕಾಂತಯ್ಯನವರ ಬೆಂಗಳೂರು ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅವರು ಬಾಳೆಲೆ ಬಿಚ್ಚಿ ಪುಳಿಯೋಗರೆಯನ್ನು ಪೂರ್ತಿ ತಿಂದರು. ಕೈ ತೊಳೆದು ಬಂದು ಹೇಳಿದರು:

"ನಿಮ್ಮ ಹುಡುಗನನ್ನ ಕ್ಯಾಂಪಿಗೆ ಆರಿಸಿದೀನಿ ಸ್ವಾಮಿ."

ಸುಂದರರಾಜ ತಲೆಯೆತ್ತಿದ.

"ಬ್ಯಾಕ್ ಆಗಿ."

"ಹಾಗಂದರೆ?" ಎಂದರು ಗೋಪಾಲಸ್ವಾಮಿಗಳು.

"ಗೋಲಿನ ಮುಂದುಗಡೆ ನಿಂತು ಕಾಯೋನು. ಎದೆ, ಹಣೆ, ಕಾಲು, ಏನು ಹಿಡಿತ ಇದೆ ಇವನಿಗೆ! ಕೈಯಲ್ಲಿ ಹಿಡಿಯೋರು ಬೆಂಗಳೂರಿನಲ್ಲಿ ಬೀದಿಗೊಬ್ಬರು ಸಿಗ್ತಾರೆ. ನಿಜ ಹೇಳ್ತೀನಿ, ಕೊನೇಲಿ ಇವನು ಕೈ ಹಾಕಿದಾಗ ನನಗೆ ಸ್ವಲ್ಪ ಬೇಜಾರೇ ಆಯ್ತು. ಅಲ್ಲಿವರೆಗೆ ಎಷ್ಟು ಶುದ್ಧವಾಗಿತ್ತು ಆಟ!"

"ಆ ಬ್ಯಾಕ್ ಅನ್ನೋನು ಕೈಯಲ್ಲಿ ಮುಟ್ಟಬಹುದೋ?"

"ಇಲ್ಲ ಇಲ್ಲ. ಅವನು ಮುಟ್ಟೋ ಹಾಗಿಲ್ಲ."

"ಹಾಗಾದರೆ ಬೇಡ," ಎಂದರು ಗೋಪಾಲಸ್ವಾಮಿಗಳು.

"ಬೇಡವೇ? ಸ್ವಾಮಿ, ವಿಮಾನದಲ್ಲಿ ಹೊರದೇಶಕ್ಕೆ ಹೋಗೋ ಅವಕಾಶ ಸಿಗಬಹುದು!"

"ಹೋಗಲಿ, ಯಾರು ಬೇಡ ಅಂದರು? ಮುಟ್ಟೋ ಅಧಿಕಾರ ಇರೋನನ್ನ ಅಧಿಕಾರ ಇಲ್ಲದೋರ ಜೊತೆ ಹೊರಗೆ ನಿಲ್ಲಿಸ್ತೀನಿ ಅಂತೀರಲ್ಲ, ಅದು ನ್ಯಾಯವೇ? ನಮ್ಮದು ಒಳಗೆ ನಿಲ್ಲೋ ವಂಶ."

ಏಕಾಂತಯ್ಯನವರಿಗೆ ಏನೂ ಅರ್ಥವಾಗಲಿಲ್ಲ. ಪುಟ್ಟಸ್ವಾಮಿ ಕಂಬಕ್ಕೊರಗಿ ಬೀಡಿ ಹಚ್ಚುವುದನ್ನು ಮರೆತು ನೋಡುತ್ತಿದ್ದ. ಸುಂದರರಾಜನಿಗೆ ಅಪ್ಪ ಹೇಳಿದ್ದು ತನ್ನದೇ ಮನಸ್ಸಿನ ಮಾತು ಎಂದು ಗೊತ್ತಿತ್ತು. ಕೈಗಳಿಲ್ಲದೆ ಅವನಿಗೂ ಸಯಾಮ್ ಬೇಕಿರಲಿಲ್ಲ. ಆದರೆ ಅಪ್ಪ ಬೇಡವೆಂದು ಹೇಳಿಯಾಗಿತ್ತು. ಆ ದಿನ ಅವನಿಗೆ ಅಪ್ಪನನ್ನು ಎದುರಿಸಲು ಸಿಕ್ಕಿದ್ದು ಅದೊಂದೇ ಜಾಗ.

"ಹೋಗ್ತೀನಿ," ಎಂದ.

ಗೋಪಾಲಸ್ವಾಮಿಗಳು ಬೆಂಚಿನ ಮೇಲೆ ಹಾಸಿಕೊಂಡಿದ್ದ ವಸ್ತ್ರವನ್ನು ಎತ್ತಿ ಕೊಡವಿದರು. "ನಿನ್ನಿಷ್ಟ," ಎಂದರು.

ಕ್ಯಾಂಪಿನಲ್ಲಿ ಅವನಿಗೆ ಬೂಟು ಕೊಟ್ಟರು, ಬೆಳಗ್ಗೆ ಮೊಟ್ಟೆ ಬೇಡವೆಂದಾಗ ಎರಡು ಬಾಳೆಹಣ್ಣು ಕೊಟ್ಟರು. ಹಂಗೇರಿ ಪದ್ಧತಿಯ ಹುಡುಗ ಬಂದಿದ್ದಾನೆಂದು ಉಳಿದವರು ಗುಂಪುಗೂಡಿ ನೋಡಿದರು. ಕೊನೆಯ ಆಯ್ಕೆಯ ಪಂದ್ಯದಲ್ಲಿ ಅವನನ್ನು ಬ್ಯಾಕ್ ಆಗಿ ನಿಲ್ಲಿಸಿದರು. ಚೆನ್ನಾಗಿಯೇ ಆಡಿದ. ಬೆನ್ನ ಹಿಂದೆ ಗೋಲಿನಲ್ಲಿ ನಿಂತವನು ಬೆಂಗಳೂರಿನ ಒಬ್ಬ ಹುಡುಗ. ಅವನು ಚೆಂಡು ಹಿಡಿದಾಗಲೆಲ್ಲ ಆ ದಪ್ಪನೆಯ ಶಬ್ದ ಸುಂದರರಾಜನ ಅಂಗೈಯಲ್ಲಿ ಕೇಳುತ್ತಿತ್ತು. ಆಟದ ನಡುವೆ ಒಂದು ಚೆಂಡು ಬಲಗಂಬದ ಮೇಲ್ಮೂಲೆಗೆ ಬಾಗುತ್ತ ಬಂತು. ಬೆಂಗಳೂರಿನ ಹುಡುಗ ಮುಂದೆ ಬಂದುಬಿಟ್ಟಿದ್ದ. ಸುಂದರರಾಜನ ಕೈಗಳು ಎದ್ದು ಹೋದವು.

ಈ ಸಲ ಸೀಟಿ ಬಂತು.

ಚೆಂಡನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತಿದ್ದವನ ಹತ್ತಿರ ಏಕಾಂತಯ್ಯನವರು ಬಂದರು. ಬೈಯಲಿಲ್ಲ. ಧರ್ಮ ಕೆಟ್ಟವನನ್ನು ನೋಡುವ ಹಾಗೆ ನೋಡಿ, ಹ್ಯಾಟು ಸರಿಮಾಡಿಕೊಂಡು ಹೊರಟುಹೋದರು. ವಿಮಾನ ಹತ್ತುವ ಹುಡುಗರ ಹೆಸರು ಓದಿದಾಗ ಅವನದು ಇರಲಿಲ್ಲ.

ಬೇಲೂರಿಗೆ ಅವನು ಮಧ್ಯಾಹ್ನದ ಬಸ್ಸಿನಲ್ಲಿ ಬಂದ. ಗೋಪಾಲಸ್ವಾಮಿಗಳು ಜಗುಲಿಯ ಮೇಲೆ ತುಳಸಿ ಬಿಡಿಸುತ್ತ ಕೂತಿದ್ದರು. ಮಗ ಇಳಿಸಿದ ಚೀಲವನ್ನು ನೋಡಿದರು, ಮುಖವನ್ನು ನೋಡಿದರು.

"ಏನಾಯಿತೋ?"

"ಚೆಂಡನ್ನ ಕೈಯಲ್ಲಿ ಹಿಡಿದುಬಿಟ್ಟೆ."

ಅವರು ತುಳಸಿಯನ್ನು ತಟ್ಟೆಗೆ ಹಾಕಿದರು.

"ಗೆರೆಯ ಒಳಗೋ, ಹೊರಗೋ?"

"ಒಳಗೇ."

"ಹಾಗಾದರೆ ನಿನ್ನದೇನು ತಪ್ಪು?" ಎಂದರು ಗೋಪಾಲಸ್ವಾಮಿಗಳು. "ಒಳಗೆ ನಿಲ್ಲಿಸಿ ಮುಟ್ಟಬೇಡ ಅಂದರೆ ಯಾರು ಕೇಳ್ತಾರೆ. ಹೋಗು, ಸ್ನಾನ ಮಾಡಿ ಬಾ. ಸಂಜೆ ಪೂಜೆ ನೀನೇ ಮಾಡು."

ಸುಂದರರಾಜ ಚೀಲವನ್ನು ಜಗುಲಿಯ ಮೇಲೇ ಬಿಟ್ಟ. ಹಿತ್ತಿಲಿಗೆ ಹೋದ. ಬಾವಿಕಟ್ಟೆಯ ಮೇಲೆ ತೆಂಗಿನ ಚಿಪ್ಪು ಅದೇ ಜಾಗದಲ್ಲಿತ್ತು, ಸೀಗೆಪುಡಿ ತುಂಬಿತ್ತು. ಅವನು ಅಂಗೈಗಳನ್ನು ಮೂಗಿನ ಹತ್ತಿರ ತಂದುಕೊಂಡ. ತೊಗಲಿನ ವಾಸನೆ ಇನ್ನೂ ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ರಮಾಮಣಿ ಕೇಳಿದಳು:

"ಯಾಕೋ, ನೀರು ಸೇದಿಕೊಡಲೇನೋ?"

"ತಡಿಯಮ್ಮ," ಎಂದ ಸುಂದರರಾಜ, "ಇನ್ನೊಂದು ಸ್ವಲ್ಪ ಹೊತ್ತು."